ಮಾರಾಟಕ್ಕೆ ಬರುವ ಮುಂಚೆಯೇ ಬರುವ ಕಾರು ವಿಮರ್ಶೆ: ಎಷ್ಟು ನಂಬಬಹುದು?

ಹೊಸ ಕಾರೊಂದು ಶೋರೂಮಿಗೆ ಬರುವ ಮೊದಲೇ ಅದರ ವಿಮರ್ಶೆ ವಾಹನ ಪತ್ರಿಕೆಗಳಲ್ಲಿ ಬಂದಿರುತ್ತದೆ. ಬೆಲೆ ಪ್ರಕಟವಾಗಿರುವುದಿಲ್ಲ, ಬುಕಿಂಗ್ ಶುರುವಾಗಿರುವುದಿಲ್ಲ. ಆದರೆ ‘ನಾವು ಓಡಿಸಿ ನೋಡಿದೆವು’ ಎಂಬ ಆರು ಪುಟದ ಲೇಖನ, ಹೊಳೆಯುವ ಫೋಟೋಗಳು, ಹತ್ತಕ್ಕೆ ಎಂಟೂವರೆ ಅಂಕ ಎಲ್ಲವೂ ಸಿದ್ಧ. ಇನ್ನೂ ಮಾರಾಟಕ್ಕೇ ಬಾರದ ಕಾರು ಇವರ ಕೈಗೆ ಬಂದದ್ದು ಹೇಗೆ? ಇವರು ಓಡಿಸಿದ ಕಾರು ನಾಳೆ ನಮ್ಮ ಮನೆ ಮುಂದೆ ನಿಲ್ಲುವ ಕಾರಿನಂತೆಯೇ ಇರುತ್ತದೆಯೇ?

ಹಲವು ಸಲ ಇರುವುದಿಲ್ಲ. ಹಾಗೆಂದು ಅಂಥ ವಿಮರ್ಶೆಯೆಲ್ಲ ಸುಳ್ಳು ಎನ್ನುವುದೂ ಸರಿಯಲ್ಲ. ಅದರಲ್ಲಿ ನಂಬಬಹುದಾದ ಭಾಗವೂ ಇದೆ, ನಂಬಬಾರದ ಭಾಗವೂ ಇದೆ. ಯಾವುದು ಯಾವುದೆಂದು ತಿಳಿಯಬೇಕಾದರೆ ಈ ಕಾರುಗಳು ಹೇಗೆ ಹುಟ್ಟುತ್ತವೆ ಎಂಬುದರಿಂದ ಶುರು ಮಾಡಬೇಕು.

ಪ್ರೀ-ಪ್ರೊಡಕ್ಷನ್ ಕಾರು ಎಂದರೇನು?

ಹೊಸ ಮಾದರಿಯೊಂದು ಕಾಗದದಿಂದ ರಸ್ತೆಗೆ ಇಳಿಯಲು ಕೆಲವು ವರ್ಷಗಳೇ ಹಿಡಿಯುತ್ತವೆ. ಮೊದಲು ಬರುವುದು ‘ಮ್ಯೂಲ್’. ಹಳೆಯ ಕಾರಿನ ಮೈಯೊಳಗೆ ಹೊಸ ಎಂಜಿನ್ನನ್ನೋ ಹೊಸ ಸಸ್ಪೆನ್ಶನ್ನನ್ನೋ ಕೂರಿಸಿದ ಕಾರು ಇದು. ಕುದುರೆಯೂ ಅಲ್ಲ, ಕತ್ತೆಯೂ ಅಲ್ಲ ಎಂಬ ಅರ್ಥದಲ್ಲಿ ಹೇಸರಗತ್ತೆಯ ಹೆಸರು ಇದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಆಮೇಲೆ ಬರುವುದು ಪ್ರೊಟೋಟೈಪ್. ಬಹುಪಾಲು ಕೈಯಿಂದಲೇ ಕಟ್ಟಿದ, ಮಾರುವ ಬೆಲೆಯ ಹಲವು ಪಟ್ಟು ಖರ್ಚು ಬೀಳುವ ಕಾರುಗಳಿವು. ಹೆದ್ದಾರಿಯಲ್ಲಿ ಕಪ್ಪು ಬಿಳುಪು ಸುಳಿಗಳ ಸ್ಟಿಕ್ಕರ್ ಮೆತ್ತಿಕೊಂಡು, ಹಿಂದೆ ‘ಆನ್ ಟೆಸ್ಟ್ ಬೈ ಎಆರ್‌ಎಐ’ ಎಂದು ಬರೆದುಕೊಂಡು ಓಡುವ ವಾಹನಗಳನ್ನು ನೀವು ನೋಡಿರಬಹುದು. ಅವು ಇದೇ ಜಾತಿಯವು.

ಪ್ರೀ-ಪ್ರೊಡಕ್ಷನ್ ಎಂಬುದು ಕೊನೆಯ ಹಂತ. ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲೇ, ಆದರೆ ಪ್ರಯೋಗಕ್ಕಾಗಿ ಜೋಡಿಸಿದ ಕಾರುಗಳು. ಕೆಲಸಗಾರರು ಜೋಡಣೆ ಕಲಿಯುವುದು, ಬಿಡಿಭಾಗ ಪೂರೈಸುವವರ ಮಾಲು ಅಳತೆಗೆ ಕೂರುತ್ತದೆಯೇ ಎಂದು ನೋಡುವುದು ಇವುಗಳ ಮೇಲೆ. ಹೊರಗಿನಿಂದ ನೋಡಿದರೆ ಪೂರ್ತಿ ಕಾರೇ. ಒಳಗೆ ವ್ಯತ್ಯಾಸಗಳಿರುತ್ತವೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕನ್ನೇ ತೆಗೆದುಕೊಳ್ಳಿ. ಲಕ್ಷಾಂತರ ತುಂಡು ತೆಗೆಯಬಲ್ಲ ಉಕ್ಕಿನ ಅಚ್ಚು ಸಿದ್ಧವಾಗುವ ಮೊದಲು, ಕೆಲವೇ ತುಂಡುಗಳಿಗೆ ಸಾಕಾಗುವ ತಾತ್ಕಾಲಿಕ ಅಚ್ಚಿನಲ್ಲಿ ಅದನ್ನು ಎರಕ ಹೊಯ್ದಿರಬಹುದು. ಚರ್ಮದಂಥ ಗೆರೆಗಳನ್ನು ಅಚ್ಚಿನ ಮೇಲೆ ಕೆತ್ತುವುದು ಕೊನೆಯ ಕೆಲಸಗಳಲ್ಲೊಂದು. ಹಾಗಾಗಿ ಈ ಹಂತದ ಪ್ಲಾಸ್ಟಿಕ್ ಬೋಳಾಗಿ, ಅಗ್ಗದ್ದಾಗಿ ಕಾಣಬಹುದು. ಬಾಗಿಲು, ಬಾನೆಟ್ಟುಗಳ ಸಂದುಗಳನ್ನು ಯಾರೋ ನುರಿತವರು ಕೈಯಿಂದ ಸರಿಹೊಂದಿಸಿರಬಹುದು, ಅಥವಾ ಯಾರೂ ಮುಟ್ಟಿಯೇ ಇಲ್ಲದಿರಬಹುದು.

ಕಣ್ಣಿಗೆ ಕಾಣದ ಭಾಗ ಇನ್ನೂ ಮುಖ್ಯ. ಎಂಜಿನ್ ಎಷ್ಟು ಇಂಧನ ಕುಡಿಯಬೇಕು, ಆಟೋಮ್ಯಾಟಿಕ್ ಗೇರು ಯಾವಾಗ ಬದಲಾಗಬೇಕು, ಸ್ಟಿಯರಿಂಗ್ ಎಷ್ಟು ಭಾರವಿರಬೇಕು, ಎಬಿಎಸ್ ಯಾವ ಕ್ಷಣದಲ್ಲಿ ಬ್ರೇಕ್ ಸಡಿಲಿಸಬೇಕು ಎಂಬುದನ್ನೆಲ್ಲ ಈಗ ನಿರ್ಧರಿಸುವುದು ತಂತ್ರಾಂಶ. ಅದರ ಹೊಂದಾಣಿಕೆ ಮಾರಾಟ ಶುರುವಾಗುವವರೆಗೂ ನಡೆಯುತ್ತಲೇ ಇರುತ್ತದೆ. ವಿಮರ್ಶಕ ಓಡಿಸಿದ್ದು ಆ ತಂತ್ರಾಂಶದ ಒಂದು ಕರಡು ಪ್ರತಿಯನ್ನು ಎನ್ನಬಹುದು.

ಇಂಥ ಕಾರನ್ನು ಪತ್ರಿಕೆಗಳು ಒಪ್ಪಿಕೊಳ್ಳುವುದೇಕೆ? ಮಾಸಪತ್ರಿಕೆಯೊಂದಕ್ಕೆ ಓಡಿಸುವುದು, ಫೋಟೋ ತೆಗೆಯುವುದು, ಬರೆಯುವುದು, ಮುದ್ರಿಸುವುದು, ಹಂಚುವುದು ಸೇರಿ ವಾರಗಳೇ ಬೇಕು. ಕಾರು ಮಾರುಕಟ್ಟೆಗೆ ಬಂದ ಮೇಲೆ ಶುರು ಮಾಡಿದರೆ ವಿಮರ್ಶೆ ಓದುಗನ ಕೈ ಸೇರುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ. ಕಂಪನಿಗೂ ಬಿಡುಗಡೆಯ ದಿನವೇ ಎಲ್ಲೆಡೆ ತನ್ನ ಕಾರು ಕಾಣಬೇಕು. ಹಾಗಾಗಿ ಒಂದು ಊರು, ಒಂದು ಹೋಟೆಲ್ಲು, ಕಂಪನಿಯೇ ಆರಿಸಿದ ರಸ್ತೆ, ಸಾಲಾಗಿ ನಿಲ್ಲಿಸಿದ ಹತ್ತಾರು ಕಾರುಗಳು, ಮತ್ತು ‘ಇಂಥ ದಿನ ಇಷ್ಟು ಗಂಟೆಗೆ ಮೊದಲು ಪ್ರಕಟಿಸುವಂತಿಲ್ಲ’ ಎಂಬ ಷರತ್ತು. ಇದರಲ್ಲಿ ಗುಟ್ಟೇನಿಲ್ಲ, ಅನೇಕ ಪತ್ರಿಕೆಗಳು ಅದನ್ನು ಲೇಖನದಲ್ಲೇ ಹೇಳುತ್ತವೆ.

ತಪ್ಪಿಗೆ ರಿಯಾಯಿತಿ, ಗುಣಕ್ಕೆ ಪೂರ್ತಿ ಅಂಕ

ನಮಗೆ ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ತೊಂದರೆಯದಾಗಿ ಕಾಣುವುದು ವಂಚನೆಯಲ್ಲ, ಒಂದು ಬರವಣಿಗೆಯ ಅಭ್ಯಾಸ. ಇಂಥ ವಿಮರ್ಶೆಗಳನ್ನು ಸಾಲಾಗಿ ಓದಿದರೆ ಕಣ್ಣಿಗೆ ಬೀಳುತ್ತದೆ. ಡ್ಯಾಶ್‌ಬೋರ್ಡ್ ಕಿರುಗುಟ್ಟಿದರೆ, ಗೇರು ಜರ್ಕ್ ಹೊಡೆದರೆ, ಪರದೆ ಸ್ತಬ್ಧವಾದರೆ ‘ನಾವು ಓಡಿಸಿದ್ದು ಪ್ರೀ-ಪ್ರೊಡಕ್ಷನ್ ಕಾರು, ಮಾರಾಟದ ಹೊತ್ತಿಗೆ ಇದು ಸರಿಹೋಗಲಿದೆ’ ಎಂಬ ಸಾಲು ಬರುತ್ತದೆ. ಅದೇ ಕಾರು ಮೆತ್ತಗೆ ಓಡಿದರೆ, ಸದ್ದಿಲ್ಲದಿದ್ದರೆ, ತಿರುವಿನಲ್ಲಿ ಗಟ್ಟಿಯಾಗಿ ನಿಂತರೆ ‘ಮಾರಾಟದ ಹೊತ್ತಿಗೆ ಇದು ಕೆಡಬಹುದು’ ಎಂದು ಯಾರೂ ಬರೆಯುವುದಿಲ್ಲ. ತಪ್ಪುಗಳೆಲ್ಲ ಆ ಒಂದು ಕಾರಿನ ಖಾತೆಗೆ, ಗುಣಗಳೆಲ್ಲ ಮುಂದೆ ಬರುವ ಲಕ್ಷ ಕಾರುಗಳ ಖಾತೆಗೆ.

ಇದು ಲೆಕ್ಕಕ್ಕೆ ಕೂಡುವ ಮಾತಲ್ಲ. ಕಾರು ಅಪೂರ್ಣ ಎಂದಾದರೆ ಎರಡೂ ದಿಕ್ಕಿಗೂ ಅಪೂರ್ಣ. ಕಿರುಗುಟ್ಟುವಿಕೆ ಹೋಗಬಹುದು ಎಂಬುದು ಎಷ್ಟು ನಿಜವೋ, ಖರ್ಚು ಉಳಿಸಲು ಬಾಗಿಲೊಳಗಿನ ಸದ್ದು ತಡೆಯುವ ಹಾಳೆ ತೆಳ್ಳಗಾಗಬಹುದು, ಟೈರಿನ ಕಂಪನಿ ಬದಲಾಗಬಹುದು ಎಂಬುದೂ ಅಷ್ಟೇ ನಿಜ. ಪರೀಕ್ಷಿಸಿದ ಕಾರಿನೊಂದಿಗೆ ಹೋಲಿಸಿ ನೋಡುವ ದಾರಿಯೂ ಓದುಗನಿಗಿಲ್ಲ. ಪ್ರೀ-ಪ್ರೊಡಕ್ಷನ್ ಕಾರುಗಳನ್ನು ಸಾಮಾನ್ಯವಾಗಿ ಮಾರುವುದಿಲ್ಲ. ಕೆಲಸ ಮುಗಿದ ಮೇಲೆ ಬಹಳಷ್ಟು ಗುಜರಿ ಯಂತ್ರದಲ್ಲಿ ಚಪ್ಪಟೆಯಾಗುತ್ತವೆ.

ಗಂಟೆಗೆ 150 ಮೈಲಿ ಓಡಿದ ಜಾಗ್ವಾರ್

1961ರ ಮಾರ್ಚಿನಲ್ಲಿ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಜಾಗ್ವಾರ್ ಕಂಪನಿ ಇ-ಟೈಪ್ ಕಾರನ್ನು ಅನಾವರಣಗೊಳಿಸಿತು. ಅದೇ ತಿಂಗಳು ಬ್ರಿಟನ್ನಿನ ಎರಡು ಪ್ರಮುಖ ವಾಹನ ಪತ್ರಿಕೆಗಳಲ್ಲಿ ಪರೀಕ್ಷಾ ವರದಿ ಬಂತು. ‘ದಿ ಆಟೋಕಾರ್’ ಅಳೆದ ಗರಿಷ್ಠ ವೇಗ ಗಂಟೆಗೆ 150.4 ಮೈಲಿ, ‘ದಿ ಮೋಟರ್’ ಅಳೆದದ್ದು 149.1 ಮೈಲಿ. ಅಂದರೆ ಸುಮಾರು 240 ಕಿಲೋಮೀಟರ್. ಸಾಮಾನ್ಯರು ಕೊಳ್ಳಬಹುದಾದ ಕಾರೊಂದು ಆ ವೇಗ ಮುಟ್ಟುತ್ತದೆ ಎಂಬುದು ಆ ಕಾಲಕ್ಕೆ ನಂಬಲಾಗದ ಸಂಗತಿ. ಇ-ಟೈಪ್ ಎಂದರೆ 150 ಎಂಬ ಸಮೀಕರಣ ಜನರ ತಲೆಯಲ್ಲಿ ಕೂತುಬಿಟ್ಟಿತು.

ಆಟೋಕಾರ್ ಓಡಿಸಿದ್ದು 9600 ಎಚ್‌ಪಿ ಎಂಬ ನೋಂದಣಿ ಸಂಖ್ಯೆಯ, ಮಾರಾಟಕ್ಕೆ ಮುಂಚಿನ ಕಾರು. ಎಂಜಿನ್ನನ್ನು ವಿಶೇಷ ಕಾಳಜಿಯಿಂದ ಸಿದ್ಧಪಡಿಸಲಾಗಿತ್ತು, ಗಾಲಿಗಳಿಗೆ ಡನ್ಲಪ್ ರೇಸ್ ಟೈರು ಹಾಕಲಾಗಿತ್ತು. ಮುಂದೆ ಗ್ರಾಹಕರ ಕೈ ಸೇರಿದ ಕಾರುಗಳಲ್ಲಿ ಬಹುಪಾಲು 140ರಿಂದ 145 ಮೈಲಿಯ ಆಸುಪಾಸಿನಲ್ಲಿ ಸುಸ್ತಾದವು. ಪತ್ರಿಕೆಗಳ ಅಳತೆ ತಪ್ಪಾಗಿರಲಿಲ್ಲ. ಗಡಿಯಾರವೂ ಸರಿ, ದೂರವೂ ಸರಿ. ತಪ್ಪಿದ್ದು ಆ ಅಂಕಿಯನ್ನು ಎಲ್ಲ ಇ-ಟೈಪ್‌ಗಳಿಗೂ ಅಂಟಿಸಿದ್ದರಲ್ಲಿ. ಇ-ಟೈಪ್ ಅದ್ಭುತ ಕಾರು ಎಂಬ ವಿಮರ್ಶಕರ ತೀರ್ಮಾನ ಮಾತ್ರ ಅರವತ್ತು ವರ್ಷ ದಾಟಿದರೂ ಹುಸಿಯಾಗಿಲ್ಲ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದು ಅಮೆರಿಕದ ಪಾಂಟಿಯಾಕ್. 1964ರ ಮಾರ್ಚ್ ಸಂಚಿಕೆಯಲ್ಲಿ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ಪಾಂಟಿಯಾಕ್ ಜಿಟಿಒ ಕಾರನ್ನು ಅದೇ ಹೆಸರಿನ ಫೆರಾರಿಗೆ ಹೋಲಿಸಿ ಬರೆಯಿತು. ಸೊನ್ನೆಯಿಂದ 60 ಮೈಲಿಗೆ 4.6 ಸೆಕೆಂಡ್ ಎಂಬ ಅಂಕಿ ಆ ಕಾರನ್ನು ದಂತಕಥೆಯಾಗಿಸಿತು. ಅಂಗಡಿಯಲ್ಲಿ ಸಿಗುತ್ತಿದ್ದ ಜಿಟಿಒದ ಎಂಜಿನ್ 389 ಘನ ಅಂಗುಲದ್ದು. ಪತ್ರಿಕೆಗೆ ಕೊಟ್ಟ ಕಾರಿನಲ್ಲಿ ಇದ್ದದ್ದು 421 ಘನ ಅಂಗುಲದ ದೊಡ್ಡ ಎಂಜಿನ್. ಇದನ್ನು ದಶಕಗಳ ನಂತರ ಬಾಯಿಬಿಟ್ಟವರು ಪಾಂಟಿಯಾಕ್‌ನ ಜಾಹೀರಾತು ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ ಅವರೇ. ಇನ್ನು ಹೋಲಿಕೆಗೆ ಬೇಕಿದ್ದ ಫೆರಾರಿ ಪರೀಕ್ಷೆಗೆ ಬಂದೇ ಇರಲಿಲ್ಲ!

ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಪೂರ್ಣ ಕಾರು ಬೇರೆ, ಬೇಕೆಂದೇ ಸಜ್ಜುಮಾಡಿದ ಕಾರು ಬೇರೆ. ಮೊದಲನೆಯದು ಕೆಲಸದ ಹಂತ, ಎರಡನೆಯದು ಮೋಸ. ಆದರೆ ಪ್ರೀ-ಪ್ರೊಡಕ್ಷನ್ ಎಂಬ ಪದ ಎರಡನೆಯದಕ್ಕೆ ಒಳ್ಳೆಯ ಮರೆ ಒದಗಿಸುತ್ತದೆ. ‘ಮಾರಾಟದ ಕಾರಿಗಿಂತ ಸ್ವಲ್ಪ ವ್ಯತ್ಯಾಸವಿದೆ’ ಎಂದು ಮೊದಲೇ ಹೇಳಿಬಿಟ್ಟರೆ ಆಮೇಲೆ ಯಾರೂ ಕೇಳುವಂತಿಲ್ಲ.

ಕೊಂಡವರು ಬೆಲೆ ತೆತ್ತ ಪ್ರಸಂಗ

ವೇಗದ ಅಂಕಿಯಲ್ಲಿ ಐದು ಹತ್ತು ಮೈಲಿ ಹೆಚ್ಚುಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ ಎನ್ನಬಹುದು. ಷೆವರ್ಲೆ ಸೈಟೇಶನ್ ಕಥೆ ಹಾಗಲ್ಲ. ಎರಡನೇ ತೈಲ ಬಿಕ್ಕಟ್ಟಿನ ಹೊತ್ತಿಗೆ, 1979ರ ವಸಂತದಲ್ಲಿ, ಜನರಲ್ ಮೋಟರ್ಸ್ ಈ ಮುಂಗಾಲಿ ಚಾಲನೆಯ ಪುಟ್ಟ ಕಾರನ್ನು 1980ರ ಮಾದರಿಯಾಗಿ ಬಿಡುಗಡೆ ಮಾಡಿತು. ಪತ್ರಿಕೆಗಳು ಹೊಗಳಿದವು. ‘ಮೋಟರ್ ಟ್ರೆಂಡ್’ ವರ್ಷದ ಕಾರು ಪ್ರಶಸ್ತಿ ಕೊಟ್ಟಿತು. ಆ ಮೊದಲ ಮಾದರಿ ವರ್ಷದಲ್ಲೇ 8 ಲಕ್ಷಕ್ಕೂ ಹೆಚ್ಚು ಕಾರುಗಳು ಬಿಕರಿಯಾದವು.

ಕೊಂಡವರು ಓಡಿಸಿದಾಗ ಕಂಡದ್ದು ಬೇರೆ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಸ್ಟಿಯರಿಂಗ್ ತನ್ನಷ್ಟಕ್ಕೆ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಮುಂದಿನ ಗಾಲಿಗಳೇ ಕಾರನ್ನು ಎಳೆಯುವುದೂ ತಿರುಗಿಸುವುದೂ ಆದಾಗ, ಎರಡು ಗಾಲಿಗಳಿಗೆ ಹೋಗುವ ಶಕ್ತಿಯ ಪರಿಣಾಮ ಸಮವಾಗಿಲ್ಲದಿದ್ದರೆ ಹೀಗಾಗುತ್ತದೆ. ಇದನ್ನು ಟಾರ್ಕ್ ಸ್ಟಿಯರ್ ಎನ್ನುತ್ತಾರೆ. ಕಾರ್ ಅಂಡ್ ಡ್ರೈವರ್‌ನ ಪ್ಯಾಟ್ರಿಕ್ ಬೆಡಾರ್ಡ್ ವರ್ಷಗಳ ನಂತರ ಬರೆದ ಪ್ರಕಾರ, ಪತ್ರಕರ್ತರಿಗೆ ಓಡಿಸಲು ಕೊಟ್ಟಿದ್ದ ಕಾರುಗಳನ್ನು ವಿಶೇಷವಾಗಿ ಮಾರ್ಪಡಿಸಿ ಈ ದೋಷ ಕಾಣದಂತೆ ಮಾಡಲಾಗಿತ್ತು. ಮಾರಾಟದ ಕಾರು ಓಡಿಸಿದಾಗ ಅವರೇ ಬೆಚ್ಚಿದರು. ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಗಾಲಿಗಳು ಮೊದಲೇ ಬಿಗಿದುಕೊಂಡು ಕಾರು ಜಾರುತ್ತದೆ ಎಂಬ ದೂರೂ ಎದ್ದಿತು. 1983ರಲ್ಲಿ ಅಮೆರಿಕ ಸರ್ಕಾರವೇ ಮೊಕದ್ದಮೆ ಹೂಡಿತು. 1987ರಲ್ಲಿ ಆ ಮೊಕದ್ದಮೆಯನ್ನು ಕಂಪನಿ ಗೆದ್ದಿತು ಎಂಬುದನ್ನೂ ಹೇಳಬೇಕು. ಸೈಟೇಶನ್ ಮಾತ್ರ 1985ಕ್ಕೇ ನಿಂತುಹೋಗಿತ್ತು.

ವರದಿ ಬರೆದವರು ಸುಳ್ಳು ಬರೆಯಲಿಲ್ಲ, ತಮ್ಮ ಕೈಗೆ ಕೊಟ್ಟ ಕಾರಿನ ಬಗ್ಗೆ ನಿಜವನ್ನೇ ಬರೆದರು. ಅದನ್ನು ನಂಬಿ ಕೊಂಡವರ ಕೈಗೆ ಬಂದದ್ದು ಬೇರೆ ಕಾರು.

ಹಾಗಾದರೆ ಏನನ್ನು ನಂಬಬಹುದು?

ಕಾರಿನ ಒಂದೊಂದು ಭಾಗವೂ ಒಂದೊಂದು ಹೊತ್ತಿನಲ್ಲಿ ಅಂತಿಮವಾಗುತ್ತದೆ. ಮೈಕಟ್ಟಿನ ಉಕ್ಕಿನ ಹಾಳೆಗಳನ್ನು ಒತ್ತುವ ಡೈಗಳು ದುಬಾರಿ, ತಯಾರಿಸಲು ಬಹಳ ಕಾಲ ಬೇಕು. ಅವನ್ನು ಕೊನೆಗಳಿಗೆಯಲ್ಲಿ ಬದಲಿಸುವುದಿಲ್ಲ. ಹಾಗಾಗಿ ಹಿಂದಿನ ಸೀಟಿನಲ್ಲಿ ಮೂವರು ಕೂರಬಹುದೇ, ತಲೆ ಮೇಲೆ ಎಷ್ಟು ಜಾಗ, ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸ್ ಹಿಡಿಯುತ್ತದೆ, ವಯಸ್ಸಾದವರು ಹತ್ತಿ ಇಳಿಯಲು ಸುಲಭವೇ, ಚಾಲಕನಿಗೆ ಹಿಂದಿನದು ಕಾಣುತ್ತದೆಯೇ ಎಂಬಂಥ ಮಾತುಗಳನ್ನು ಧೈರ್ಯವಾಗಿ ನಂಬಬಹುದು. ಎಂಜಿನ್ನಿನ ಮೂಲ ಸ್ವಭಾವವೂ ಹಾಗೆಯೇ: ಮೂರು ಸಿಲಿಂಡರಿನ ನಡುಕ ಪ್ರೀ-ಪ್ರೊಡಕ್ಷನ್‌ನಲ್ಲಿ ಇದ್ದರೆ ಮಾರಾಟದ ಕಾರಿನಲ್ಲಿ ಕಡಿಮೆಯಾಗಬಹುದು, ಮಾಯವಾಗುವುದಿಲ್ಲ.

ಅನುಮಾನದಿಂದ ಓದಬೇಕಾದ್ದು ಸದ್ದು, ಸಸ್ಪೆನ್ಶನ್ನಿನ ಮೃದುತ್ವ, ಗೇರಿನ ನಯ, ಪರದೆಯ ವೇಗ, ಪ್ಲಾಸ್ಟಿಕ್ಕಿನ ಗುಣಮಟ್ಟ. ಮೈಲೇಜಿನ ಬಗ್ಗೆ ಅರ್ಧ ದಿನದ ಓಡಾಟದಿಂದ ಬರೆದದ್ದನ್ನಂತೂ ಪಕ್ಕಕ್ಕಿಡುವುದೇ ಒಳ್ಳೆಯದು. ಪರೀಕ್ಷೆಗೆ ಕೊಡುವುದು ಹೆಚ್ಚಾಗಿ ಎಲ್ಲ ಸೌಲಭ್ಯವಿರುವ ಮೇಲಿನ ಮಾದರಿ. ನಾವು ನೀವು ಕೊಳ್ಳುವ ಮಧ್ಯದ ಮಾದರಿಯಲ್ಲಿ ಚಕ್ರದ ಗಾತ್ರ, ಟೈರು, ಸೀಟು ಎಲ್ಲ ಬೇರೆ ಇರಬಹುದು. ಬಾಳಿಕೆಯ ಬಗ್ಗೆ ಯಾವ ಮೊದಲ ವಿಮರ್ಶೆಯೂ ಏನನ್ನೂ ಹೇಳಲಾರದು. ಆರು ನೂರು ಕಿಲೋಮೀಟರ್ ಓಡಿದ ಕಾರಿನಿಂದ ಅರವತ್ತು ಸಾವಿರದ ಕ್ಲಚ್ಚಿನ ಭವಿಷ್ಯ ಹೇಳುವುದು ಜ್ಯೋತಿಷ್ಯ.

ನಮ್ಮ ದೇಶದ ಕಾನೂನು ಈ ವ್ಯತ್ಯಾಸವನ್ನು ಒಪ್ಪಿಕೊಂಡೇ ನಡೆಯುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 126ನೇ ನಿಯಮದ ಪ್ರಕಾರ ತಯಾರಕರು ಹೊಸ ವಾಹನದ ಪ್ರೊಟೋಟೈಪನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಗೆ ಪರೀಕ್ಷೆಗೆ ಒಪ್ಪಿಸಬೇಕು. ಅಷ್ಟಕ್ಕೇ ಬಿಡುವುದಿಲ್ಲ. 126ಎ ನಿಯಮದಂತೆ ಉತ್ಪಾದನೆ ಶುರುವಾದ ಮೇಲೆ ಲೈನಿನಿಂದಲೇ ಬಂದ ವಾಹನವನ್ನು ಎತ್ತಿಕೊಂಡು ಮತ್ತೆ ಪರೀಕ್ಷಿಸಬೇಕು. ಮೊದಲು ತೋರಿಸಿದ್ದೂ ಆಮೇಲೆ ತಯಾರಾದದ್ದೂ ಒಂದೇ ಎಂದು ಸರ್ಕಾರ ಸುಮ್ಮನೆ ನಂಬಲಿಲ್ಲ, ಎರಡನೇ ಪರೀಕ್ಷೆ ಇಟ್ಟಿತು. ವಾಹನ ಪತ್ರಿಕೆಗಳಲ್ಲಿ ಈ ಎರಡನೇ ಹೆಜ್ಜೆ ಅಪರೂಪ.

ಕಾರು ಯಾರು ಕೊಟ್ಟದ್ದು?

ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ 1936ರಿಂದ ನಡೆದುಬಂದ ಪತ್ರಿಕೆ. ಜಾಹೀರಾತು ತೆಗೆದುಕೊಳ್ಳುವುದಿಲ್ಲ. ಅಂಕ ಕೊಡಬೇಕಾದ ಕಾರನ್ನು ತಾವು ಯಾರೆಂದು ಹೇಳದೆ ಡೀಲರ್ ಬಳಿ ದುಡ್ಡು ಕೊಟ್ಟು ಕೊಳ್ಳುತ್ತದೆ. ಕಂಪನಿಯಿಂದ ಬಾಡಿಗೆಗೆ ಪಡೆದ ಹೊಸ ಕಾರಿನ ಬಗ್ಗೆ ಮೊದಲ ಅನಿಸಿಕೆ ಬರೆಯುವುದೂ ಉಂಟು. ಆದರೆ ಪೂರ್ತಿ ಪರೀಕ್ಷೆಯ ಅಂಕ ಕೊಂಡ ಕಾರಿಗೆ ಮಾತ್ರ. ಇದರ ಫಲ 2018ರ ಮೇ ತಿಂಗಳಲ್ಲಿ ಕಂಡಿತು. ಅವರು ಕೊಂಡ ಟೆಸ್ಲಾ ಮಾಡೆಲ್ 3 ಕಾರು 60 ಮೈಲಿ ವೇಗದಿಂದ ಪೂರ್ತಿ ನಿಲ್ಲಲು 152 ಅಡಿ ತೆಗೆದುಕೊಂಡಿತು. ಫೋರ್ಡ್ ಎಫ್-150 ಎಂಬ ದೊಡ್ಡ ಪಿಕಪ್ಪಿಗಿಂತ ಏಳು ಅಡಿ ಹೆಚ್ಚು. ಪತ್ರಿಕೆ ಕಾರನ್ನು ಶಿಫಾರಸು ಮಾಡಲಿಲ್ಲ. ಕೆಲವೇ ದಿನಗಳಲ್ಲಿ ಟೆಸ್ಲಾ ಎಬಿಎಸ್ ತಂತ್ರಾಂಶ ತಿದ್ದಿ ಗಾಳಿಯಲ್ಲೇ ಕಳಿಸಿತು. ಮರುಪರೀಕ್ಷೆಯಲ್ಲಿ ಅದೇ ಕಾರು 133 ಅಡಿಯಲ್ಲಿ ನಿಂತಿತು. ಒಂದು ಬೋಲ್ಟನ್ನೂ ಮುಟ್ಟದೆ 19 ಅಡಿ. ಅಲ್ಲಿಗೆ ಮಾರಾಟವಾದ ಕಾರೂ ಒಂದರ್ಥದಲ್ಲಿ ಇನ್ನೂ ಪ್ರೀ-ಪ್ರೊಡಕ್ಷನ್ನೇ ಎನ್ನುವಂತಾಯಿತು. ಒಳ್ಳೆಯದಕ್ಕೆ ಬದಲಾದ ಹಾಗೆ ಮುಂದೊಂದು ದಿನ ಕೆಟ್ಟದ್ದಕ್ಕೂ ಬದಲಾಗಬಹುದು.

ಕಾರು ಎಲ್ಲಿಂದ ಬಂತು ಎಂಬುದರ ತೂಕ ವಿಮರ್ಶೆಗಷ್ಟೇ ಸೀಮಿತವಲ್ಲ. ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳು ಸರ್ಕಾರಿ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ವರ್ಷಗಟ್ಟಲೆ ಉತ್ತೀರ್ಣವಾಗುತ್ತಿದ್ದವು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಕಂಪನಿಯಿಂದ ಕೇಳಿ ಪಡೆಯದ ಕಾರುಗಳನ್ನು ತಂದು, ಹೊಗೆ ಅಳೆಯುವ ಸಾಧನವನ್ನು ಹಿಂದೆ ಕಟ್ಟಿ ನಿಜವಾದ ರಸ್ತೆಯಲ್ಲಿ ಓಡಿಸಿತು. ನೈಟ್ರೋಜನ್ ಆಕ್ಸೈಡುಗಳು ಮಿತಿಯ ಹಲವು ಪಟ್ಟು ಹೊರಬರುತ್ತಿದ್ದದ್ದು 2014ರಲ್ಲಿ ಪ್ರಕಟವಾಯಿತು, 2015ರ ಸೆಪ್ಟೆಂಬರಿನಲ್ಲಿ ಹಗರಣ ಸ್ಫೋಟಿಸಿತು. ಆ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರು ಬೆಂಗಳೂರಿನ ಹೇಮಂತ್ ಕಪ್ಪಣ್ಣ.

ಪತ್ರಿಕೆಗಳು ಕಂಪನಿಯನ್ನೇ ಬೆಚ್ಚಿಬೀಳಿಸಿದ್ದೂ ಇದೆ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ‘ಟೆಕ್ನಿಕೆನ್ಸ್ ವಾರ್ಲ್ಡ್’ ಪತ್ರಿಕೆಯವರು ಆಗಷ್ಟೇ ಬಂದಿದ್ದ ಮರ್ಸಿಡೀಸ್ ಎ-ಕ್ಲಾಸ್ ಕಾರನ್ನು, ರಸ್ತೆಗೆ ಕಡವೆ ಅಡ್ಡ ಬಂದಾಗ ಸರಕ್ಕನೆ ತಪ್ಪಿಸುವಂತೆ ತಿರುಗಿಸಿದರು. ಕಾರು ಮಗುಚಿಕೊಂಡಿತು. ಮರ್ಸಿಡೀಸ್ ಮಾರಾಟ ನಿಲ್ಲಿಸಿ, ಸಸ್ಪೆನ್ಶನ್ ಬದಲಿಸಿ, ಜಾರುವಿಕೆ ತಡೆಯುವ ಇಎಸ್‌ಪಿ ವ್ಯವಸ್ಥೆಯನ್ನು ಎಲ್ಲ ಎ-ಕ್ಲಾಸ್‌ಗಳಿಗೂ ಹಾಕಿತು. ಕಂಪನಿ ಆರಿಸಿದ ಚೆಂದದ ರಸ್ತೆಯಲ್ಲಿ ಅದೇ ಕಾರನ್ನು ಎಷ್ಟು ಓಡಿಸಿದ್ದರೂ ಇದು ಗೊತ್ತಾಗುತ್ತಿರಲಿಲ್ಲ.

ಓದುವಾಗ ನೋಡಬೇಕಾದ್ದು

ವಿಮರ್ಶೆಯಲ್ಲಿ ‘ಮೊದಲ ಓಟ’ ಅಥವಾ ‘ಮೊದಲ ಅನಿಸಿಕೆ’ ಎಂದಿದೆಯೋ, ‘ರಸ್ತೆ ಪರೀಕ್ಷೆ’ ಎಂದಿದೆಯೋ ನೋಡಿ. ಮೊದಲನೆಯದು ಸಾಮಾನ್ಯವಾಗಿ ಕಂಪನಿಯ ಕಾರ್ಯಕ್ರಮದಲ್ಲಿ ಕೆಲವು ಗಂಟೆ ಓಡಿಸಿದ್ದು. ಎರಡನೆಯದರಲ್ಲಿ ಪತ್ರಿಕೆಯವರು ತಮ್ಮ ಉಪಕರಣ ಕಟ್ಟಿ ಅಳೆದಿರುತ್ತಾರೆ. ಸೆಕೆಂಡು, ಮೀಟರುಗಳ ಕೋಷ್ಟಕ ಇರುತ್ತದೆ. ‘ನಾವು ಓಡಿಸಿದ್ದು ಪ್ರೀ-ಪ್ರೊಡಕ್ಷನ್ ಕಾರು’ ಎಂಬ ಸಾಲು ಎಲ್ಲಿದೆ ಎಂದು ಹುಡುಕಿ. ಮೊದಲ ಪ್ಯಾರಾದಲ್ಲಿದ್ದರೆ ಬರೆದವರು ಪ್ರಾಮಾಣಿಕರು ಎನ್ನಬಹುದು. ದೋಷ ಹೇಳುವ ಜಾಗದಲ್ಲಿ ಮಾತ್ರ ಇದ್ದರೆ, ನಾವು ಮೇಲೆ ಹೇಳಿದ ಅಭ್ಯಾಸ ಅದೇ. ಆಗ ಒಂದು ಸಣ್ಣ ಪ್ರಯೋಗ ಮಾಡಿ: ಅದೇ ಸಾಲನ್ನು ಹೊಗಳಿಕೆಯ ಪ್ರತಿ ವಾಕ್ಯದ ಮುಂದೆಯೂ ಮನಸ್ಸಿನಲ್ಲೇ ಸೇರಿಸಿ ಓದಿ.

ಆರು ತಿಂಗಳು ಕಾಯಲು ಸಾಧ್ಯವಿದ್ದರೆ ಅದೇ ಪತ್ರಿಕೆಯ ದೀರ್ಘಾವಧಿ ವರದಿ ಬರುತ್ತದೆ, ಕಾರು ಕೊಂಡವರ ಅನುಭವವೂ ಸಿಗುತ್ತದೆ. ಕಾಯಲಾಗದಿದ್ದರೆ ಡೀಲರ್ ಬಳಿ ಇರುವ ಡೆಮೊ ಕಾರು ಮಾರಾಟದ ಮಾದರಿಯದೇ ಆಗಿರುತ್ತದೆ. ಅದನ್ನು ಮನೆಮಂದಿಯನ್ನು ಕೂರಿಸಿಕೊಂಡು, ಎಸಿ ಹಾಕಿ, ನಿಮ್ಮ ಬಡಾವಣೆಯ ಹಂಪುಗಳ ಮೇಲೆಯೇ ಓಡಿಸಿ ನೋಡಿ. ನೀವು ಕೊಳ್ಳಲಿರುವ ಮಾದರಿಗೂ ಡೆಮೊ ಮಾದರಿಗೂ ಟೈರು ಮತ್ತು ಚಕ್ರದ ಗಾತ್ರ ಒಂದೇ ಇದೆಯೇ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ.